ಕಪ್ಪು ಬೆಲ್ಲ ಮೈಸೂರಲ್ಲಿ ಯಾಕೆ ಓಡ್ತಿಲ್ಲ? ಪ್ರಚಾರಕ್ಕೆ 46 ಸಾವಿರ ಹೋಯ್ತು, ದಾರಿ ಹೇಳಿ

ಆಲೆಮನೆ ಮಗ:
ಎಲ್ಲರಿಗೂ ನಮಸ್ಕಾರ. ನಮ್ಮದು ಮಂಡ್ಯ ತಾಲ್ಲೂಕಿನ ಹಳ್ಳಿ, ತಾತನ ಕಾಲದಿಂದ ಆಲೆಮನೆ ಐತೆ. ಬೆಲ್ಲ ಹಳದಿಯಾಗಲಿ ಅಂತ ಹಾಕೋ ಹೈಡ್ರೋಸ್ ಪೌಡರನ್ನ ಎರಡು ವರ್ಷದ ಹಿಂದೆ ಪೂರ್ತಿ ಬಿಟ್ಟೆವು. ಈಗ ಕೊಪ್ಪರಿಗೆಗೆ ಬೀಳೋದು ಸುಣ್ಣದ ತಿಳಿ, ಬೆಂಡೆ ಗಿಡದ ಲೋಳೆ, ಅಷ್ಟೇಯ. ರುಚಿ ಬಲು ಚೆನ್ನಾಗೈತೆ, ಬಣ್ಣ ಮಾತ್ರ ಹಳೇ ಹುಣಸೆಹಣ್ಣಿನ ಥರ. ಮಂಡಿಗೆ ಹಾಕಿದ್ರೆ ಹಳದಿ ಅಚ್ಚಿಗಿಂತ ಕ್ವಿಂಟಾಲ್‌ಗೆ ನಾನ್ನೂರು ಐನೂರು ಕಮ್ಮಿ ಕೂಗ್ತಾರೆ. ಅದಕ್ಕೆ ನಾವೇ ಪ್ಯಾಕ್ ಮಾಡಿ ಮೈಸೂರಲ್ಲಿ ಕೆಜಿಗೆ 90ರಂತೆ ಮಾರೋಣ ಅಂತ ಹೊರಟೆ.

ಹತ್ತು ಸಾವಿರ ಕರಪತ್ರ ಅಚ್ಚು ಹಾಕಿಸಿದ್ದಕ್ಕೆ 14 ಸಾವಿರ, ಪೇಪರ್ ಒಳಗೆ ಇಟ್ಟು ಸರಸ್ವತಿಪುರಂ, ಕುವೆಂಪುನಗರಕ್ಕೆ ಹಂಚಿಸಿದ್ದಕ್ಕೆ 7 ಸಾವಿರ, ಕವರ್ ಪ್ರಿಂಟಿಂಗ್ 10 ಸಾವಿರ. ಇನ್‌ಸ್ಟಾಗ್ರಾಮಲ್ಲಿ ತುಂಬ ಜನ ಫಾಲೋ ಮಾಡೋ ಒಬ್ಬರಿಗೆ ರೀಲ್ ಮಾಡೋಕೆ 15 ಸಾವಿರ ಕೊಟ್ಟೆ. ರೀಲ್ ಅರವತ್ತು ಸಾವಿರ ಸಲ ಓಡ್ತು, ಆರ್ಡರ್ ಬಂದಿದ್ದು ಹನ್ನೊಂದು. ಆರು ಅಂಗಡಿಗೆ ಇಟ್ಟಿದ್ದೆ, ನಾಲ್ಕು ಅಂಗಡಿಯವರು ವಾಪಸ್ ಕೊಟ್ಟರು. ಅಪ್ಪ ‘ಸಾಕು ಬುಡು ಮಗ, ಹಳೇ ಥರಾನೇ ಬೇಯ್ಸೋಣ’ ಅಂತಾವ್ರೆ. ನನಗೆ ಮನಸ್ಸು ಒಪ್ತಿಲ್ಲ. ಎಲ್ಲಿ ಎಡವಿದೆ, ದಯವಿಟ್ಟು ಬಿಡಿಸಿ ಹೇಳಿ.

ಕೆರಗೋಡು ಹೈದ:
ಬಿಡಬ್ಯಾಡ ಕಣಣ್ಣ. ಕರಪತ್ರದ ಫೋಟೋ ಹಾಕು, ನೋಡೋಣ.

ಸಂತೆಪೇಟೆ ದಿನಸಿ:
ಅಂಗಡಿಯವನಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಮ್ಮ ಕೌಂಟರ್ ಮುಂದೆ ಗಿರಾಕಿ ನಿಲ್ಲೋದು ಎರಡು ನಿಮಿಷ. ‘ಬೆಲ್ಲ ಒಂದು ಕೆಜಿ’ ಅಂತಾರೆ, ನಾನು ಕೈಗೆ ಸಿಕ್ಕಿದ್ದು ಕೊಡ್ತೀನಿ. ಕಪ್ಪು ಬೆಲ್ಲ ಕೊಟ್ಟರೆ ‘ಇದೇನ್ರೀ, ಹಳೇ ಸ್ಟಾಕಾ?’ ಅಂತ ಕೇಳ್ತಾರೆ. ಅವರಿಗೆ ಬೆಂಡೆ ಲೋಳೆಯ ಕಥೆ ಹೇಳ್ತಾ ನಿಂತರೆ ಹಿಂದೆ ಇರೋ ಐದು ಜನ ಪಕ್ಕದ ಅಂಗಡಿಗೆ ಹೋಗ್ತಾರೆ. ಕೇಳಿಕೊಂಡು ಬರೋ ಮಾಲನ್ನು ನಾವು ಮಾರಬಲ್ಲೆವು. ಕೇಳದೆ ಇರೋದನ್ನ ಒಪ್ಪಿಸಿ ಮಾರೋಕೆ ನಮಗೆ ಪುರುಸೊತ್ತು ಇರಲ್ಲ. ಇನ್ನೊಂದು, ಮಳೆಗಾಲದಲ್ಲಿ ತೆಳು ಕವರ್‌ನಲ್ಲಿ ಬೆಲ್ಲ ಬೆವರುತ್ತೆ, ನೀರು ಬಿಟ್ಟು ಅಂಟಾಗುತ್ತೆ. ನಿಮ್ಮ ನಾಲ್ಕು ಅಂಗಡಿಯಲ್ಲಿ ಎರಡಾದರೂ ಅದಕ್ಕೇ ವಾಪಸ್ ಕೊಟ್ಟಿರ್ತಾರೆ, ಕೇಳಿ ನೋಡಿ.

ಆಲೆಮನೆ ಮಗ:
ನಿಜ ಸಾರ್. ಮೂರು ಅಂಗಡಿಯವರು ಕವರ್ ಅಂಟಾಯ್ತು ಅಂದಿದ್ರು. ಅವರು ನೆಪ ಹೇಳ್ತಾವ್ರೆ ಅಂದ್ಕೊಂಡಿದ್ದೆ.

ಕರಪತ್ರದಲ್ಲಿ ಇದ್ದಿದ್ದು ಇಷ್ಟು: ‘ಶುದ್ಧ, ಸಾವಯವ, ನೈಸರ್ಗಿಕ ಬೆಲ್ಲ. ರಾಸಾಯನಿಕ ಮುಕ್ತ. ಆರೋಗ್ಯಕ್ಕೆ ಉತ್ತಮ. ಸಕ್ಕರೆ ಕಾಯಿಲೆಯವರೂ ಬಳಸಬಹುದು.’ ಕೆಳಗೆ ಫೋನ್ ನಂಬರ್.

ಗೋಕುಲಂ ಔಷಧಿ ಅಂಗಡಿ:
ಆ ಕೊನೆಯ ಸಾಲು ಇವತ್ತೇ ತೆಗೆಯಿರಿ! ಕಪ್ಪಾಗಿರಲಿ ಬೆಳ್ಳಗಿರಲಿ, ಬೆಲ್ಲದ ಬಹುಪಾಲು ಸುಕ್ರೋಸ್, ಅಂದರೆ ಸಕ್ಕರೆಯಲ್ಲಿರೋ ಅಂಶವೇ. ರಕ್ತದಲ್ಲಿ ಸಕ್ಕರೆ ಏರಿಸೋದರಲ್ಲಿ ಅದು ಸಕ್ಕರೆಗಿಂತ ಹೆಚ್ಚೇನೂ ಬೇರೆ ಅಲ್ಲ. ‘ಬೆಲ್ಲ ತಾನೇ, ಪರವಾಗಿಲ್ಲ’ ಅಂತ ದಿನಾ ಬೆಲ್ಲದ ಕಾಫಿ ಕುಡಿದು ಶುಗರ್ ಮುನ್ನೂರು ದಾಟಿಸಿಕೊಂಡು ಬಂದ ಹಿರಿಯರನ್ನ ನಮ್ಮ ಅಂಗಡಿಯಲ್ಲೇ ನೋಡಿದ್ದೀನಿ. ಕಾನೂನಿನ ಮಾತಿಗೆ ಬಂದರೆ, 2006ರ ಆಹಾರ ಸುರಕ್ಷತಾ ಕಾಯ್ದೆಯ 53ನೇ ಸೆಕ್ಷನ್ ಪ್ರಕಾರ ದಾರಿ ತಪ್ಪಿಸೋ ಜಾಹೀರಾತಿಗೆ 10 ಲಕ್ಷದವರೆಗೆ ದಂಡ ಹಾಕಬಹುದು. ದಂಡದ ಮಾತು ಬಿಡಿ, ನಿಮ್ಮನ್ನ ನಂಬಿ ತಿಂದವರಿಗೆ ಏನಾದರೂ ಆದರೆ?

ಆಲೆಮನೆ ಮಗ:
ಪ್ರಿಂಟಿಂಗ್ ಪ್ರೆಸ್‌ನವರು ‘ಎಲ್ಲರೂ ಹಾಕಿಸ್ತಾರೆ’ ಅಂದ್ರು, ಸೇರಿಸಿಬುಟ್ಟೆ. ತಪ್ಪಾಯ್ತು ಮೇಡಂ. ಉಳಿದಿರೋ ಕರಪತ್ರ ಹಂಚಲ್ಲ.

ಸರಸ್ವತಿಪುರಂ ಗೃಹಿಣಿ:
ಈ ಕರಪತ್ರ ನಮ್ಮನೆಗೂ ಬಂದಿರಬೇಕು. ಪೇಪರ್ ಬಿಡಿಸಿದ ಕೂಡಲೇ ಕೋಚಿಂಗ್ ಕ್ಲಾಸು, ಸೀರೆ ಸೇಲು, ಬೆಲ್ಲ ಎಲ್ಲ ಸೇರಿ ರದ್ದಿಗೆ ಹೋಯ್ತು. ಶುದ್ಧ, ನೈಸರ್ಗಿಕ ಅಂತ ಹೇಳದೆ ಇರೋರು ಯಾರಿದ್ದಾರೆ ಹೇಳಿ?

ಅಡುಗೆ ಮಾಡೋಳಾಗಿ ನನಗೆ ಬೇಕಾಗಿದ್ದ ವಿಷಯ ಅದರಲ್ಲಿ ಒಂದೂ ಇರಲಿಲ್ಲ. ಬೆಲ್ಲದಲ್ಲಿ ಮಣ್ಣು, ಕಬ್ಬಿನ ನಾರು ಇರುತ್ತಾ, ಕರಗಿಸಿ ಸೋಸಬೇಕಾ? ಉಪ್ಪುಪ್ಪಾಗಿ ಇರುತ್ತಾ? ಹೋಳಿಗೆ ಹೂರಣ ಎಷ್ಟು ಕಪ್ಪಾಗುತ್ತೆ? ಸಾರಿಗೆ ಹಾಕಿದರೆ ಬಣ್ಣ ಕೆಡುತ್ತಾ? ಸಜ್ಜಿಗೆ, ಪೊಂಗಲ್, ಪಾಯಸಕ್ಕೆ ಎಷ್ಟು ಹಾಕಬೇಕು? ಇಷ್ಟು ಗೊತ್ತಿಲ್ಲದೆ 90 ರೂಪಾಯಿ ಕೊಟ್ಟು ಒಂದು ಕೆಜಿ ತಂದು ಹಬ್ಬದ ದಿನ ಅಡುಗೆ ಕೆಡಿಸಿಕೊಳ್ಳೋ ಧೈರ್ಯ ಯಾರಿಗೂ ಇರಲ್ಲ. ಕಾಲು ಕೆಜಿ ಪ್ಯಾಕೆಟ್ ಮಾಡಿ. ಮೊದಲು ಸಾರಿಗೆ ಹಾಕಿ ನೋಡ್ತೀವಿ, ಒಪ್ಪಿಗೆಯಾದರೆ ಹೋಳಿಗೆಗೆ ಬರ್ತೀವಿ.

ಕೆರಗೋಡು ಹೈದ:
ಅಕ್ಕ ಹೇಳಿದ್ದು ನೂರಕ್ಕೆ ನೂರು.

ಜಯಲಕ್ಷ್ಮೀಪುರಂ ಡಿಜಿಟಲ್:
ನಾನು ಇದೇ ಕೆಲಸದಲ್ಲಿರೋನು, ಸಣ್ಣ ಅಂಗಡಿಗಳಿಗೆ ಪ್ರಚಾರ ಮಾಡಿಕೊಡ್ತೀನಿ. ರೀಲ್ ದಂಡ ಅಂತ ಎಲ್ಲರೂ ಹೇಳೋ ಮುಂಚೆ ಎರಡು ಪ್ರಶ್ನೆ. ಅರವತ್ತು ಸಾವಿರದಲ್ಲಿ ಮೈಸೂರಿನವರು ಎಷ್ಟು ಜನ? ಕಲಬುರಗಿಯಲ್ಲಿ ಕೂತು ಲೈಕ್ ಒತ್ತಿದವರಿಗೆ ನೀವು ಬೆಲ್ಲ ತಲುಪಿಸೋಕೆ ಆಗುತ್ತಾ? ಎರಡನೇದು ಮುಖ್ಯ: ಆ ಹನ್ನೊಂದು ಜನರಲ್ಲಿ ಎಷ್ಟು ಜನ ಮತ್ತೆ ತರಿಸಿಕೊಂಡರು?

ಆಲೆಮನೆ ಮಗ:
ಊರುಗಳ ಲೆಕ್ಕ ನನ್ನ ಹತ್ರ ಇಲ್ಲ. ಎರಡನೇದಕ್ಕೆ ಈಗ ಫೋನ್ ತೆಗೆದು ನೋಡಿದೆ. ಏಳು ಜನ ಮತ್ತೆ ತಗೊಂಡವ್ರೆ. ಅದ್ರಲ್ಲಿ ಒಬ್ಬರು ನಾಲ್ಕು ಸಲ.

ಜಯಲಕ್ಷ್ಮೀಪುರಂ ಡಿಜಿಟಲ್:
ಹನ್ನೊಂದರಲ್ಲಿ ಏಳು! ಅಣ್ಣ, ನಿಮ್ಮ ಬೆಲ್ಲದಲ್ಲಿ ಏನೂ ದೋಷ ಇಲ್ಲ. ಒಂದು ಸಲ ಬಾಯಿಗೆ ಬಿದ್ದರೆ ಮತ್ತೆ ಕೇಳ್ತಾರೆ. ಮೊದಲ ಸಲ ಬಾಯಿಗೆ ಬೀಳಿಸೋಕೆ ಎಷ್ಟು ಖರ್ಚು ಅನ್ನೋದೇ ಲೆಕ್ಕ. ಒಂದು ಕೆಜಿಗೆ ನಿಮಗೆ ಉಳಿಯೋದು ಎಷ್ಟು?

ಆಲೆಮನೆ ಮಗ:
ಕಬ್ಬು, ಕೂಲಿ, ಪ್ಯಾಕಿಂಗು, ಗಾಡಿ ಎಲ್ಲ ಕಳೆದು 35.

ಜಯಲಕ್ಷ್ಮೀಪುರಂ ಡಿಜಿಟಲ್:
ಹಾಗಾದರೆ 15 ಸಾವಿರದ ರೀಲ್‌ನಿಂದ ಬಂದ ಒಬ್ಬೊಬ್ಬ ಗಿರಾಕಿಗೆ ನೀವು ಹತ್ತಿರ ಹತ್ತಿರ 1,364 ರೂಪಾಯಿ ಕೊಟ್ಟಿದ್ದೀರಿ. ಅದು ವಾಪಸ್ ಬರೋಕೆ ಒಬ್ಬರು 39 ಕೆಜಿ ತಗೋಬೇಕು. ತಿಂಗಳಿಗೆ ಎರಡು ಕೆಜಿ ಬಳಸೋ ಮನೆಯಾದರೂ ಒಂದೂವರೆ ವರ್ಷ ದಾಟುತ್ತೆ. 90ರಲ್ಲಿ 35 ಕಳೆದರೆ ಕೆಜಿಗೆ ನಿಮ್ಮ ಖರ್ಚು 55, ಅದೇ ಕಾಲು ಕೆಜಿ ಬೆಲ್ಲ ಪುಕ್ಕಟೆ ಕೊಟ್ಟರೆ ನಿಮ್ಮ ಕೈಯಿಂದ ಹೋಗೋದು ಹದಿನಾಲ್ಕು ರೂಪಾಯಿ. ಹತ್ತು ಜನಕ್ಕೆ ಕೊಟ್ಟು ಒಬ್ಬರು ನಿಂತರೂ 140ಕ್ಕೆ ಗಿರಾಕಿ ಸಿಕ್ಕ ಹಾಗೆ.

ಸಂತೆಪೇಟೆ ದಿನಸಿ:
ಪುಕ್ಕಟೆ ಕೊಟ್ಟರೆ ಹತ್ತು ಜನ ತಗೋತಾರೆ, ಹತ್ತೂ ಜನ ಮರೀತಾರೆ. ಹತ್ತು ರೂಪಾಯಿ ಆದರೂ ಇಸ್ಕೊಳ್ಳಿ. ದುಡ್ಡು ಕೊಟ್ಟು ತಂದದ್ದನ್ನ ಮನೆಯಲ್ಲಿ ಬಳಸ್ತಾರೆ.

ಜಯಲಕ್ಷ್ಮೀಪುರಂ ಡಿಜಿಟಲ್:
ಅದೂ ಸರಿಯೇ, ಒಪ್ಪಿದೆ.

ನಿವೃತ್ತ ಮೇಷ್ಟ್ರು, ಒಂಟಿಕೊಪ್ಪಲು:
ಪ್ರಚಾರದ ಮಾತು ಬಂತಲ್ಲ, ನಮ್ಮ ಊರಿಗೇ ಇದರಲ್ಲಿ ದೊಡ್ಡ ಪಾಠ ಇದೆ. ಮೈಸೂರು ಸ್ಯಾಂಡಲ್ ಸೋಪು. ಮೊದಲ ಮಹಾಯುದ್ಧದಲ್ಲಿ ಶ್ರೀಗಂಧದ ಮರ ಹೊರದೇಶಕ್ಕೆ ಹೋಗೋದು ನಿಂತು, ಕೊರಡುಗಳು ಇಲ್ಲೇ ರಾಶಿ ಬಿದ್ದವು. ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನ್ ವಿಶ್ವೇಶ್ವರಯ್ಯನವರ ಕಾಲ. ಎಣ್ಣೆ ತೆಗೆದು ಸೋಪು ಮಾಡೋಣ ಅಂತ ಮೈಸೂರಲ್ಲಿ ಕಾರ್ಖಾನೆ ಶುರುವಾಯಿತು. ಸೋಸಲೆ ಗರಳಪುರಿ ಶಾಸ್ತ್ರಿಗಳು ಇಂಗ್ಲೆಂಡಿನಲ್ಲಿ ಕಲಿತು ಬಂದು ಸೋಪು ರೂಪಿಸಿದರು. ಸಿಂಹದ ಮೈ, ಆನೆ ಸೊಂಡಿಲಿನ ಶರಭವನ್ನು ಗುರುತಾಗಿಟ್ಟರು. ಕರಾಚಿಯಲ್ಲಿ ಸೋಪಿನ ಪ್ರಚಾರಕ್ಕೆ ಒಂಟೆಗಳ ಮೆರವಣಿಗೆ ಮಾಡಿಸಿದ್ದರಂತೆ. ನೂರು ವರ್ಷದ ಮೇಲಾದರೂ ಡಬ್ಬಿ ನೋಡಿದ ಕೂಡಲೇ ಗುರುತು ಹತ್ತುತ್ತದೆ. ನಿಮ್ಮ ಬೆಲ್ಲಕ್ಕೂ ಹಾಗೆ ಮರೆಯದ ಒಂದು ಗುರುತು ಬೇಕು ಮಗು.

ಅಶೋಕಪುರಂ:
ಸಣ್ಣ ತಿದ್ದುಪಡಿ ಮೇಷ್ಟ್ರೇ. ಮೈಸೂರಲ್ಲಿ ಶುರುವಾಗಿದ್ದು ಗಂಧದೆಣ್ಣೆ ಕಾರ್ಖಾನೆ. ಸೋಪಿನ ಕಾರ್ಖಾನೆ ಇದ್ದದ್ದು ಬೆಂಗಳೂರಿನಲ್ಲಿ.

ನಿವೃತ್ತ ಮೇಷ್ಟ್ರು, ಒಂಟಿಕೊಪ್ಪಲು:
ಹೌದಪ್ಪ, ನೀವು ಹೇಳಿದ್ದೇ ಸರಿ. ಎಣ್ಣೆ ಇಲ್ಲಿ, ಸೋಪು ಅಲ್ಲಿ.

ಕೆರಗೋಡು ಹೈದ:
ಅದು ಸರ್ಕಾರದ ದುಡ್ಡು ಮೇಷ್ಟ್ರೇ. ಈ ಅಣ್ಣನ ಹತ್ರ ಒಂಟೆ ಎಲ್ಲಿಂದ ಬರ್ಬೇಕು?

ನಿವೃತ್ತ ಮೇಷ್ಟ್ರು, ಒಂಟಿಕೊಪ್ಪಲು:
ಸರಿ, ಸರ್ಕಾರದ್ದು ಬೇಡ. 1948ರಲ್ಲಿ ಎನ್. ರಂಗರಾವ್ ಅವರು ಇದೇ ಮೈಸೂರಲ್ಲಿ ಊದುಬತ್ತಿ ಶುರು ಮಾಡಿದರು. ಅದಕ್ಕೆ ಇಟ್ಟ ಹೆಸರು ಸೈಕಲ್. ಓದು ಬಾರದವರಿಗೂ ಚಿತ್ರ ನೋಡಿದರೆ ಗೊತ್ತಾಗುತ್ತದೆ, ತಮಿಳರಿಗೂ ಗುಜರಾತಿಗಳಿಗೂ ಅದೇ ಪದ. ಇದಕ್ಕೆ ಒಂಟೆ ಬೇಕೇ? ಆಲೆಮನೆ ಮಗನ ಕವರ್ ಮೇಲೆ ಏನು ಚಿತ್ರ ಇದೆ, ಕೇಳಿ.

ಆಲೆಮನೆ ಮಗ:
ಹಸಿರು ಎಲೆ, ಸೂರ್ಯ.

ಸರಸ್ವತಿಪುರಂ ಗೃಹಿಣಿ:
ನಮ್ಮನೆಯಲ್ಲಿರೋ ಎಣ್ಣೆ, ರಾಗಿಹಿಟ್ಟು, ಶಾಂಪೂ ಮೂರರ ಮೇಲೂ ಹಸಿರು ಎಲೆ ಇದೆ.

ಹಳೇ ರೋಡಿನ ಹೋಟ್ಲು:
ನನ್ನ ಕಥೆ ಸ್ವಲ್ಪ ಉದ್ದ, ಆದರೆ ಇಲ್ಲಿಗೆ ಸೇರುತ್ತೆ. ಮದ್ದೂರು ವಡೆ ಎಲ್ಲರಿಗೂ ಗೊತ್ತು. 1917ರಲ್ಲಿ ಮದ್ದೂರು ರೈಲ್ವೆ ಸ್ಟೇಷನ್‌ನಲ್ಲಿ ರಾಮಚಂದ್ರ ಬುಧ್ಯ ಅವರು ರೈಲು ಬೇಗ ಬಂದುಬಿಟ್ಟಿತು ಅಂತ ಹಿಟ್ಟನ್ನು ಅಗಲವಾಗಿ ತಟ್ಟಿ ಬೇಯಿಸಿಕೊಟ್ಟರಂತೆ, ಅಲ್ಲಿಂದ ಊರಿನ ಹೆಸರೇ ವಡೆಗೆ ಅಂಟಿತು ಅಂತಾರೆ. ಹಳೇ ಹೈವೇಲಿ ನಮ್ಮ ಹೋಟ್ಲು ನಡೆದದ್ದೂ ಆ ವಡೆ, ಕಾಫಿಯ ಮೇಲೇ. ಇಪ್ಪತ್ತೆರಡು ವರ್ಷ. ಶನಿವಾರ ಭಾನುವಾರ ಕಾರು ನಿಲ್ಲಿಸೋಕೆ ಜಾಗ ಇರ್ತಿರಲಿಲ್ಲ.

2023ರ ಮಾರ್ಚ್‌ನಲ್ಲಿ ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯ್ತು. ಬೈಪಾಸ್‌ನಲ್ಲಿ ಕಾರುಗಳು ಊರೊಳಗೆ ಬರದೆ ಮೇಲೇ ಹೋಗ್ತವೆ. ಆರು ತಿಂಗಳಲ್ಲಿ ವ್ಯಾಪಾರ ಕಾಲು ಭಾಗಕ್ಕೆ ಬಂತು. ಹನ್ನೆರಡು ಹುಡುಗರಲ್ಲಿ ಎಂಟು ಜನರನ್ನ ಕಳಿಸಬೇಕಾಯ್ತು. ಅವರ ಮುಖ ಈಗಲೂ ಕಣ್ಣ ಮುಂದೆ ಬರುತ್ತೆ. ಆಗ ನನಗೆ ಹೊಳೆದದ್ದು ಒಂದು ವಿಷಯ: ಇಪ್ಪತ್ತೆರಡು ವರ್ಷ ಲಕ್ಷಾಂತರ ಜನ ನಮ್ಮಲ್ಲಿ ತಿಂದರು, ಒಬ್ಬರ ಫೋನ್ ನಂಬರೂ ನನ್ನ ಹತ್ರ ಇರಲಿಲ್ಲ. ಅವರು ರೋಡಿನ ಗಿರಾಕಿಗಳು, ರೋಡಿನ ಜೊತೆ ಹೋದರು.

ಈಗ ಮಂಡ್ಯದೊಳಗೆ ಚಿಕ್ಕದಾಗಿ ಮಾಡಿಕೊಂಡಿದ್ದೀನಿ. ಸಂಜೆ ವಡೆ ಬಿಸಿ ಇದೆ ಅಂತ ವಾಟ್ಸಾಪಲ್ಲಿ ಹಾಕ್ತೀನಿ, ಐವತ್ತು ಅರವತ್ತು ಜನ ಬರ್ತಾರೆ. ನಿಮ್ಮ ಏಳು ಜನರ ಹೆಸರು, ಮನೆ, ಎಷ್ಟು ದಿನಕ್ಕೊಮ್ಮೆ ಬೆಲ್ಲ ಖಾಲಿಯಾಗುತ್ತೆ, ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ ತಮ್ಮಾ.

ಗೋಕುಲಂ ಔಷಧಿ ಅಂಗಡಿ:
ಓದಿ ಸಂಕಟ ಆಯ್ತು ಸಾರ್. ಚನ್ನಪಟ್ಟಣದ ಬೊಂಬೆ ಅಂಗಡಿಗಳದ್ದೂ ಇದೇ ಪಾಡು.

ಜಯಲಕ್ಷ್ಮೀಪುರಂ ಡಿಜಿಟಲ್:
ವಾಟ್ಸಾಪ್ ಬ್ರಾಡ್‌ಕಾಸ್ಟ್, ಅಂದರೆ ಒಂದೇ ಮೆಸೇಜನ್ನ ಹಲವರಿಗೆ ಒಟ್ಟಿಗೆ ಕಳಿಸೋದು, ಮಾಡೋರು ಒಂದು ತಿಳ್ಕೊಳ್ಳಿ. ನಿಮ್ಮ ನಂಬರನ್ನ ಗಿರಾಕಿಗಳು ಸೇವ್ ಮಾಡಿಕೊಂಡಿದ್ದರೆ ಮಾತ್ರ ಮೆಸೇಜ್ ತಲುಪುತ್ತೆ. ಒಂದು ಪಟ್ಟಿಗೆ 256 ಜನರ ಮಿತಿ ಇದೆ. ಬೆಲ್ಲ ಕೊಡುವಾಗಲೇ ಎದುರಿಗೆ ನಿಂತು ಸೇವ್ ಮಾಡಿಸಿ. ಗ್ರೂಪಿಗೆ ಮಾತ್ರ ಹೇಳದೆ ಕೇಳದೆ ಸೇರಿಸಬೇಡಿ, ಜನ ಸಿಟ್ಟಾಗ್ತಾರೆ.

ಮಂಡ್ಯದ ಗಂಡು:
ಇಷ್ಟೆಲ್ಲ ಯಾಕೆ? ‘ಹಳದಿ ಬೆಲ್ಲ ವಿಷ, ಕ್ಯಾನ್ಸರ್ ಬರುತ್ತೆ’ ಅಂತ ಒಂದು ವಿಡಿಯೋ ಬಿಡಿ. ಹೈಡ್ರೋಸ್ ಡಬ್ಬ ತೋರಿಸಿ. ಹೆದರಿಕೊಂಡು ಎಲ್ಲಾ ನಿಮ್ಮ ಬೆಲ್ಲಕ್ಕೇ ಬರ್ತಾರೆ.

ಗಾಣದ ಮನೆ:
ಯಾರಪ್ಪ ಇದು ಹೇಳಿದ್ದು? ನಮ್ಮದೂ ಆಲೆಮನೆಯೇ. ನಾವು ಹಳದಿ ಬೆಲ್ಲವೇ ಬೇಯ್ಸೋದು, ಯಾಕಂದ್ರೆ ಮಂಡಿಲಿ ಅದನ್ನೇ ಕೇಳ್ತಾರೆ. ಅಚ್ಚು, ಕುರಿಕಾಲಚ್ಚು, ಬಾಕ್ಸು, ಬಕೆಟ್ಟು, ಯಾವುದೇ ತಗೊಂಡೋದ್ರೂ ದಲ್ಲಾಳಿ ಮೊದಲು ನೋಡೋದು ಬಣ್ಣ. ನಮಗೇನು ಪೌಡರ್ ಹಾಕೋ ಆಸೆನಾ? ಸಾಲ ತೀರಬೇಕಲ್ಲ. ನೀವು ವಿಷ ಅಂತ ವಿಡಿಯೋ ಬಿಟ್ಟರೆ ಜನ ಕಪ್ಪು ಹಳದಿ ಅಂತ ನೋಡ್ತಾರಾ? ಮಂಡ್ಯ ಬೆಲ್ಲವೇ ಬ್ಯಾಡ ಅಂತ ಸಕ್ಕರೆ ಡಬ್ಬಿಗೆ ಕೈ ಹಾಕ್ತಾರೆ. ಆಗ ನಿಮ್ಮದೂ ಹೋಯ್ತು, ನಮ್ಮದೂ ಹೋಯ್ತು.

ಮಂಡ್ಯದ ಗಂಡು:
ಹಾಕೋದು ಸುಳ್ಳಾ ಹಂಗಾದ್ರೆ?

ಗಾಣದ ಮನೆ:
ಸುಳ್ಳು ಅಂತ ನಾನು ಹೇಳಲಿಲ್ಲ. ಬೇಕಾಬಿಟ್ಟಿ ಹಾಕೋರು ಅವ್ರೆ, ಅದು ತಪ್ಪೇ. ಹೈಡ್ರೋಸ್ ಹಾಕಿದ್ರೆ ಬೆಲ್ಲದಲ್ಲಿ ಉಳಿಯೋ ಸಲ್ಫರ್ ಡೈಆಕ್ಸೈಡ್ 70 ಪಿಪಿಎಂ, ಅಂದ್ರೆ ಕೆಜಿಗೆ 70 ಮಿಲಿಗ್ರಾಂ, ದಾಟಬಾರದು ಅಂತ ಮಿತಿ ಐತೆ. ದಾಟಿಸಿದೋರನ್ನ ಹಿಡೀಲಿ. ಊರಿನ ಎಲ್ಲರಿಗೂ ಮಸಿ ಬಳೀಬ್ಯಾಡಿ ಅನ್ನೋದಷ್ಟೇ ನನ್ನ ಮಾತು.

ಆಲೆಮನೆ ಮಗ:
ಗಾಣದ ಮನೆ ಅಣ್ಣ ಹೇಳಿದ್ದೇ ನನ್ನ ಮಾತು. ನಮ್ಮ ದೊಡ್ಡಪ್ಪನ ಮಕ್ಕಳು ಈಗಲೂ ಹಳದಿ ಬೇಯ್ಸ್ತಾರೆ. ಅವರ ಬೆಲ್ಲಕ್ಕೆ ವಿಷ ಅಂದು ನನ್ನ ಬೆಲ್ಲ ಮಾರಲಾರೆ. ಅವರ ಜೊತೆ ಒಂದೇ ಪಂಕ್ತಿಲಿ ಕೂತು ಊಟ ಮಾಡೋನು ನಾನು.

ಸರಸ್ವತಿಪುರಂ ಗೃಹಿಣಿ:
ಹೆದರಿಸಿ ಮಾರೋರ ಹತ್ತಿರ ನಾನಂತೂ ಎರಡನೇ ಸಲ ಹೋಗಲ್ಲ. ‘ನಮ್ಮ ಬೆಲ್ಲ ಯಾಕೆ ಕಪ್ಪು’ ಅಂತ ಎರಡು ಸಾಲು ಬರೆಯಿರಿ, ಸಾಕು. ಕಬ್ಬಿನ ಹಾಲು ಕಾದರೆ ಕಪ್ಪಾಗೋದು ಸಹಜ, ನಾವು ಬಣ್ಣ ತೆಗೆಯಲ್ಲ ಅಂತ. ಆ ಬಣ್ಣವನ್ನ ಕವರ್ ಒಳಗೆ ಮುಚ್ಚಿಡಬೇಡಿ, ಕಾಣೋ ಹಾಗೆ ಇಡಿ.

ಲೈಸೆನ್ಸ್ ಸುಬ್ಬಣ್ಣ:
ಲೇಬಲ್ ವಿಷಯ ಯಾರೂ ಎತ್ತಲಿಲ್ಲ. ಪ್ಯಾಕೆಟ್ ಮೇಲೆ ತೂಕ, ಎಂಆರ್‌ಪಿ, ತಯಾರಾದ ತಿಂಗಳು ವರ್ಷ, ನಿಮ್ಮ ವಿಳಾಸ, ದೂರು ಹೇಳೋಕೆ ಫೋನ್, ಹಸಿರು ಚುಕ್ಕೆ, ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರ್ ಇರಲೇಬೇಕು. ‘ಸಾವಯವ’ ಅನ್ನೋ ಪದಕ್ಕೂ ನಿಯಮ ಇದೆ. ಸಾವಯವ ಅಂತ ಖಾತ್ರಿ ಕೊಡೋ ಸರ್ಕಾರಿ ವ್ಯವಸ್ಥೆಗಳಾದ ಎನ್‌ಪಿಒಪಿ ಅಥವಾ ಪಿಜಿಎಸ್ ಪ್ರಮಾಣಪತ್ರ ಇಲ್ಲದೆ ಅಂಗಡಿಯಲ್ಲಿಟ್ಟು ಸಾವಯವ ಅಂತ ಮಾರೋ ಹಾಗಿಲ್ಲ. ನಿಮ್ಮ ಕಬ್ಬಿಗೆ ಯೂರಿಯಾ ಹಾಕ್ತೀರಾ?

ಆಲೆಮನೆ ಮಗ:
ಸುಳ್ಳು ಹೇಳಲ್ಲ ಸಾರ್, ಹಾಕ್ತೀವಿ. ಕಮ್ಮಿ ಮಾಡಿದ್ದೀವಿ.

ಲೈಸೆನ್ಸ್ ಸುಬ್ಬಣ್ಣ:
ಹಾಗಿದ್ದರೆ ‘ಸಾವಯವ’ ತೆಗೆಯಿರಿ. ‘ಹೈಡ್ರೋಸ್ ಹಾಕಿಲ್ಲ’ ಅಂತ ಬರೆಯಿರಿ, ಅದು ನಿಜ. ಬೇಕಿದ್ದರೆ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ ಆ ಕಾಗದ ತೋರಿಸಿ. ಮತ್ತೆ, ಸಣ್ಣ ಆಹಾರ ಘಟಕಗಳಿಗೆ ನೆರವು ಕೊಡೋ ಪಿಎಂಎಫ್‌ಎಂಇ ಅನ್ನೋ ಸರ್ಕಾರಿ ಯೋಜನೆಯಲ್ಲಿ ಒಂದು ಜಿಲ್ಲೆ ಒಂದು ಉತ್ಪನ್ನ ಅಂತ ಮಂಡ್ಯಕ್ಕೆ ಬೆಲ್ಲವನ್ನೇ ಆರಿಸಿದ್ದರು. ಬ್ಯಾಂಕ್ ಸಾಲದ ಜೊತೆ 35 ಪರ್ಸೆಂಟ್ ಸಬ್ಸಿಡಿ, 10 ಲಕ್ಷದವರೆಗೆ ಇತ್ತು. ಸಿಕ್ಕರೆ ಪ್ಯಾಕಿಂಗ್ ಯಂತ್ರ, ಒಳ್ಳೆ ಕೊಪ್ಪರಿಗೆ ಹಾಕಿಸಬಹುದು. ಈಗಲೂ ಇದೆಯಾ ಅಂತ ಕೃಷಿ ಇಲಾಖೆಯಲ್ಲಿ ವಿಚಾರಿಸಿ.

ಶಿವರಾಂಪೇಟೆ:
ಫೋನ್‌ಪೇ ತಗೋಬೇಡಿ, ನೋಟಿಸ್ ಬರುತ್ತೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ಅಂಗಡಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಿದ್ದು ನೆನಪಿದೆಯಲ್ಲ.

ಲೈಸೆನ್ಸ್ ಸುಬ್ಬಣ್ಣ:
ತಪ್ಪು ಸಲಹೆ ಕೊಡಬೇಡಿ. ಸರಕು ಮಾರೋರಿಗೆ ವರ್ಷಕ್ಕೆ 40 ಲಕ್ಷ ವಹಿವಾಟು ದಾಟಿದರೆ ತಾನೇ ಜಿಎಸ್‌ಟಿ ನೋಂದಣಿ? ಇವರದ್ದು ಎಷ್ಟಿದೆ ಈಗ! ಮಾರಿದ್ದನ್ನ ಬರೆದಿಟ್ಟರೆ ಹೆದರಿಕೆ ಯಾಕೆ? ಫೋನ್‌ಪೇ ಇಲ್ಲ ಅಂದರೆ ಮೈಸೂರಲ್ಲಿ ಅರ್ಧ ಗಿರಾಕಿ ನಿಲ್ಲೋದೇ ಇಲ್ಲ.

ಅಗ್ರಹಾರದ ಅಜ್ಜಿ (ಮೊಮ್ಮಗಳು ಟೈಪ್ ಮಾಡ್ತಿದ್ದಾಳೆ):
ಮಗು, ಬೆಲ್ಲ ಹೆಂಗಸರು ತಗೊಳ್ಳೋದು ಹಬ್ಬದ ಲೆಕ್ಕದಲ್ಲಿ. ಗೌರಿ ಹಬ್ಬಕ್ಕೆ ಮರದ ಬಾಗಿನದಲ್ಲಿ ಬೆಲ್ಲದ ಅಚ್ಚು ಇಡ್ತೀವಿ. ದೊಡ್ಡ ಅಚ್ಚು ಇಟ್ಟರೆ ಮರ ತುಂಬಿಹೋಗುತ್ತೆ, ಚಿಕ್ಕದು ಹುಡುಕಿಕೊಂಡು ದೇವರಾಜ ಮಾರ್ಕೆಟ್ ಎಲ್ಲಾ ಸುತ್ತಬೇಕು. ಕೈಯಗಲದ ಪುಟ್ಟ ಅಚ್ಚು, ಹತ್ತರ ಕಟ್ಟು ಮಾಡಿ ಕೊಡು, ತಗೋತಾರೆ. ಬಾಗಿನ ಯಾರ ಮನೆಗೆ ಹೋಗುತ್ತೋ ಅವರೂ ನಿನ್ನ ಬೆಲ್ಲ ತಿಂದು ನೋಡ್ತಾರೆ.

ಸಂಕ್ರಾಂತಿ ಎಳ್ಳುಬೆಲ್ಲಕ್ಕೆ ಮಾತ್ರ ಕಪ್ಪು ಬೆಲ್ಲ ತರಬೇಡ. ಅಲ್ಲಿ ಕೊಬ್ಬರಿ, ಕಡಲೆಬೀಜದ ಮಧ್ಯೆ ಎದ್ದು ಕಾಣುತ್ತೆ, ಒಪ್ಪಲ್ಲ. ನಿನ್ನದು ತಂಬಿಟ್ಟಿಗೆ, ಚಿಗಲಿಗೆ, ಬಾಣಂತಿ ಲೇಹ್ಯಕ್ಕೆ ಚೆನ್ನ. ಹಿಂದೆ ಲೇಹ್ಯಕ್ಕೆ ಕರೀ ಬೆಲ್ಲವನ್ನೇ ಹುಡುಕಿ ತರ್ತಿದ್ದೆವು.

ಆಲೆಮನೆ ಮಗ:
ಅಜ್ಜಿ, ನಿಮ್ಮ ಕಾಲಿಗೆ ಬೀಳ್ತೀನಿ. ಬಾಗಿನದ ವಿಷಯ ನಮ್ಮ ಅವ್ವನಿಗೂ ಹೊಳೆದಿರಲಿಲ್ಲ. ಪುಟ್ಟ ಮರದ ಅಚ್ಚು ತಾತನ ಕಾಲದ್ದು ಅಟ್ಟದ ಮೇಲೆ ಇರಬೇಕು.

ಸಂತೆಪೇಟೆ ದಿನಸಿ:
ಬಾಗಿನದ ಅಚ್ಚು ಮಾಡಿದರೆ ನನ್ನ ಅಂಗಡಿಗೆ ಐವತ್ತು ಕಟ್ಟು ಬರೀರಿ. ಗಟ್ಟಿ ಕವರ್ ಇರಲಿ. ಗೌರಿ ಹಬ್ಬಕ್ಕೆ ಹದಿನೈದು ದಿನ ಮುಂಚೆ ಬೇಕು, ಹಿಂದಿನ ದಿನ ತಂದರೆ ಪ್ರಯೋಜನ ಇಲ್ಲ.

ಹಳೇ ರೋಡಿನ ಹೋಟ್ಲು:
ನಿಮ್ಮ ಏಳು ಮನೆಯವರನ್ನ ಒಂದು ಭಾನುವಾರ ಆಲೆಮನೆಗೆ ಕರೀರಿ. ಮೈಸೂರಿಂದ ಒಂದು ಗಂಟೆ ದಾರಿ. ಕಬ್ಬಿನ ಹಾಲು ಕುಡಿದು, ಬಿಸಿ ಬೆಲ್ಲ ಬಾಯಿಗೆ ಹಾಕಿಕೊಂಡ ಮಕ್ಕಳು ಅದನ್ನ ಮರೆಯಲ್ಲ. ಕೊಪ್ಪರಿಗೆಗೆ ಏನು ಬೀಳುತ್ತೆ ಅಂತ ಕಣ್ಣಾರೆ ನೋಡ್ತಾರೆ. ಮಕ್ಕಳು ಒಲೆ ಹತ್ತಿರ ಹೋಗದ ಹಾಗೆ ಹಗ್ಗ ಕಟ್ಟಿ.

ಆಲೆಮನೆ ಮಗ:
ಅಪ್ಪನಿಗೆ ಇದನ್ನೆಲ್ಲ ಓದಿ ಹೇಳಿದೆ. ಏಳು ಜನ ಮತ್ತೆ ತಗೊಂಡವ್ರೆ ಅಂದಾಗ ‘ಯಾರ್ ಯಾರು?’ ಅಂತ ಒಬ್ಬೊಬ್ಬರ ಹೆಸರೂ ಕೇಳಿದ್ರು. ಈ ಸೀಸನ್ ಕಪ್ಪು ಬೆಲ್ಲವೇ ಬೇಯ್ಸೋಣ ಅಂದವ್ರೆ. ಹಸಿರು ಎಲೆ ತೆಗೆದು ಕೊಪ್ಪರಿಗೆ ಚಿತ್ರ ಹಾಕಿಸ್ತೀನಿ. ಕಾಲು ಕೆಜಿ ಪ್ಯಾಕೆಟ್ ಮುಂದಿನ ವಾರದಿಂದ.

ಬರೋ ಭಾನುವಾರ ಬೆಳಗ್ಗೆ ಏಳಕ್ಕೆ ಒಲೆ ಹಚ್ತೀವಿ, ಹತ್ತೂವರೆ ಹೊತ್ತಿಗೆ ಮೊದಲ ಕೊಪ್ಪರಿಗೆ ಇಳಿಯುತ್ತೆ. ಆ ಏಳು ಮನೆಯವರಿಗೂ ಫೋನ್ ಮಾಡಿದ್ದೀನಿ. ಇಲ್ಲಿಂದ ಬರೋರು ಶುಕ್ರವಾರದೊಳಗೆ ಎಷ್ಟು ಜನ ಅಂತ ಹೇಳಿ, ಅವ್ವ ರಾಗಿರೊಟ್ಟಿಗೆ ಹಿಟ್ಟು ಬೀಸಿಸಬೇಕು.

ಸರಸ್ವತಿಪುರಂ ಗೃಹಿಣಿ:
ನಾವು ನಾಲ್ಕು ಜನ. ನಮ್ಮ ಅತ್ತೆಗೆ ಶುಗರ್ ಇದೆ, ಅವರಿಗೆ ರೊಟ್ಟಿ ಮಾತ್ರ.

ಗಾಣದ ಮನೆ:
ಎಲೆ ಹಾಸೋಕೆ ಬಾಳೆ ಎಲೆ ನಮ್ಮ ತೋಟದಿಂದ ತರ್ತೀನಿ ತಮ್ಮ, ನೀನು ಕೊಳ್ಳಬ್ಯಾಡ.